ಬಳ್ಳಾರಿ ಬಿಸಿಲಿನಲ್ಲಿ ಮೈಕ್ರೋ ಆರ್‌ಎನ್‌ಎ ಅಳೆಯುವುದು

ಜೀವಕೋಶಕ್ಕೆ ಆಮ್ಲಜನಕ ಸಾಲದಾದಾಗ ಎಚ್‌ಐಎಫ್-1 ಆಲ್ಫಾ ಎಂಬ ಪ್ರೋಟೀನು ಮಿರ್-210 ಎಂಬ ಮೈಕ್ರೋ ಆರ್‌ಎನ್‌ಎಯನ್ನು ಏರಿಸುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53 ಎಂಬ ಪ್ರೋಟೀನು ಮಿರ್-34ಎ ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎಯನ್ನು ಏರಿಸುತ್ತದೆ. ಮಿರ್-34ಎ ಸರ್ಟ್1 ಎಂಬ ಪ್ರೋಟೀನನ್ನು ಅದುಮುತ್ತದೆ, ಸರ್ಟ್1 ತಗ್ಗಿದಷ್ಟೂ ಪಿ53 ಇನ್ನೂ ಚುರುಕಾಗುತ್ತದೆ. ಪ್ರೋಟೀನು ಕಟ್ಟದ, ಸುಮಾರು 22 ಅಕ್ಷರದ ಈ ತುಣುಕುಗಳು ರಕ್ತದಲ್ಲೂ ಸಿಗುತ್ತವೆ. ಹೃದ್ರೋಗ, ಕ್ಯಾನ್ಸರ್ ಅಧ್ಯಯನಗಳಲ್ಲಿ ಇವನ್ನು ಅಳೆಯುವುದು ಅದಕ್ಕೇ. ಆದರೆ ನಮಗೆ ಬೇಕಾದದ್ದು ರೋಗಿಯ ಒತ್ತಡದ ಲೆಕ್ಕ, ಟ್ಯೂಬಿನಲ್ಲಿ ಕುದ್ದ ರಕ್ತಕಣದ್ದಲ್ಲ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರಿನಲ್ಲಿ ಇವೆರಡೂ ಬಲು ಬೇಗ ಬೆರೆತುಹೋಗುತ್ತವೆ.

ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೇ (ನೇರಳೆ ಮುಚ್ಚಳದ್ದು) ತೆಗೆಯಿರಿ. ಅದೇ ಕೆಲಸದ ಹೆಪಾರಿನ್ ಬೇಡ, ಅದು ಮುಂದೆ ಪಿಸಿಆರ್ (ತುಣುಕುಗಳನ್ನು ನಕಲು ಮಾಡಿ ಹೆಚ್ಚಿಸಿ ಅಳೆಯುವ ವಿಧಾನ) ಕಿಣ್ವವನ್ನೇ ಕಟ್ಟಿಹಾಕುತ್ತದೆ. 21 ಗೇಜ್ ಸೂಜಿ ಸಾಕು. ಸಣ್ಣ ಸೂಜಿಯಲ್ಲಿ ಜಗ್ಗಿ ಎಳೆದರೆ ಕೆಂಪು ಕಣ ಒಡೆಯುತ್ತದೆ. ಟ್ಯೂಬನ್ನು 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಅಲ್ಲಾಡಿಸಬೇಡಿ.

ಇನ್ನು ಸಾಗಣೆ. ಬಹಳಷ್ಟು ಜನ ಎಡವುವುದು ಇಲ್ಲೇ. ಬಿಸಿಲಿಗೆ ಹೆದರಿ ಟ್ಯೂಬನ್ನು ಐಸಿನಲ್ಲಿ ಹೂತಿಟ್ಟರೆ ಪ್ಲೇಟ್‌ಲೆಟ್‌ಗಳು ತಣ್ಣಗೆ ತಾಗಿ ಕೆರಳುತ್ತವೆ, ತಮ್ಮೊಳಗಿನ ಮೈಕ್ರೋ ಆರ್‌ಎನ್‌ಎಯನ್ನು ಪ್ಲಾಸ್ಮಾಕ್ಕೆ (ಕಣಗಳಿಲ್ಲದ ರಕ್ತದ ದ್ರವ ಭಾಗಕ್ಕೆ) ಸುರಿಯುತ್ತವೆ. ಗುರಿ 20ರಿಂದ 25 ಡಿಗ್ರಿ. ಎಸಿ ಕೋಣೆಯಲ್ಲಿ ರಾತ್ರಿಯಿಡೀ ಇಟ್ಟ ನೀರಿನ ಬಾಟಲಿಗಳನ್ನು ಥರ್ಮೊಕೋಲ್ ಡಬ್ಬಿಯ ಒಳಗೋಡೆಗೆ ಒರಗಿಸಿ, ನಡುವೆ ಟ್ಯೂಬು ನಿಲ್ಲಿಸಿ, ಜೊತೆಗೊಂದು ಥರ್ಮಾಮೀಟರ್ ಇಡಿ. ತೆಗೆದ ಎರಡು ತಾಸಿನೊಳಗೆ ಸೆಂಟ್ರಿಫ್ಯೂಜ್ ತಿರುಗಬೇಕು. ಹಾಗಾಗಿ ಸಿಂಧನೂರಿನಲ್ಲಿ ತೆಗೆದ ರಕ್ತವನ್ನು ಬಸ್ಸಿಗೆ ಹಾಕಿ ಬಳ್ಳಾರಿಗೆ ಕಳಿಸುವ ಬದಲು, ಅಲ್ಲೇ ಪ್ಲಾಸ್ಮಾ ಬೇರ್ಪಡಿಸುವುದೇ ಲೇಸು.

ಸೆಂಟ್ರಿಫ್ಯೂಜನ್ನು ಮೊದಲು 1,900 ಜಿಯಲ್ಲಿ (ಜಿ ಅಂದರೆ ಭೂಮಿಯ ಸೆಳೆತದ ಎಷ್ಟು ಪಟ್ಟು ಎಂಬ ಲೆಕ್ಕ) 10 ನಿಮಿಷ. ಮೇಲಿನ ಪ್ಲಾಸ್ಮಾವನ್ನಷ್ಟೇ ತೆಗೆದು, ಬಿಳಿ ಕಣಗಳ ತೆಳು ಪದರದ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟುಬಿಡಿ. ಆಸೆಗೆ ಬಿದ್ದು ಪಿಪೆಟ್ ಕೆಳಗಿಳಿಸಿದರೆ ಬಿಳಿ ಕಣ ಬರುತ್ತದೆ. ಮತ್ತೆ 16,000 ಜಿಯಲ್ಲಿ 10 ನಿಮಿಷ ತಿರುಗಿಸಿ, 250 ಮೈಕ್ರೊಲೀಟರ್‌ನಂತೆ ಹಂಚಿ ಮೈನಸ್ 80 ಡಿಗ್ರಿಗೆ ಹಾಕಿ. ಕರೆಂಟು ಹೋಗಿ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ಲೆಕ್ಕಕ್ಕೆ ಸೇರಿಸಬೇಡಿ.

ಆರ್‌ಎನ್‌ಎ ತೆಗೆಯುವುದಕ್ಕೆ 200 ಮೈಕ್ರೊಲೀಟರ್ ಪ್ಲಾಸ್ಮಾ ಸಾಕು. ಹೊರಗಿನ ಗುರುತಾಗಿ ಸಿ. ಎಲಿಗನ್ಸ್ ಹುಳುವಿನ ಮಿರ್-39 ಸೇರಿಸುತ್ತೀರಲ್ಲ, ಅದನ್ನು ಲೈಸಿಸ್ ದ್ರಾವಣ (ಕಿಣ್ವಗಳನ್ನು ಕೆಡಿಸಿ ಆರ್‌ಎನ್‌ಎ ಬಿಡಿಸುವ ದ್ರಾವಣ) ಬೆರೆಸಿದ ಮೇಲೆಯೇ ಹಾಕಿ. ಬರಿ ಪ್ಲಾಸ್ಮಾಕ್ಕೆ ಹಾಕಿದರೆ ಅದರಲ್ಲಿರುವ ಆರ್‌ಎನ್‌ಎ ಕತ್ತರಿಸುವ ಕಿಣ್ವಗಳು ತಕ್ಷಣ ಮುಗಿಸಿಬಿಡುತ್ತವೆ. ಮಾದರಿಗಳ ನಡುವೆ ಇದರ ಸಿಕ್ಯು (ಪಿಸಿಆರ್‌ನಲ್ಲಿ ಸಂಕೇತ ಕಾಣಿಸಿಕೊಳ್ಳುವ ಸುತ್ತಿನ ಸಂಖ್ಯೆ; ತುಣುಕು ಹೆಚ್ಚಿದ್ದಷ್ಟೂ ಇದು ಕಮ್ಮಿ) ಒಂದಕ್ಕಿಂತ ಹೆಚ್ಚು ಹೆಚ್ಚುಕಮ್ಮಿಯಾದರೆ ಮತ್ತೆ ತೆಗೆಯಿರಿ: ಒಂದು ಸಿಕ್ಯು ಅಂದರೆ ಸುಮಾರು ಎರಡು ಪಟ್ಟು. ಆರ್‌ಎನ್‌ಎ ಎಷ್ಟು ಶುದ್ಧ ಎಂದು ಬೆಳಕಿನಿಂದ ಅಳೆಯುವ 260/280 ಅನುಪಾತ ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಪ್ಲಾಸ್ಮಾದ ಆರ್‌ಎನ್‌ಎ ಆ ಅಳತೆಗೆ ಸಿಗುವಷ್ಟು ಇರುವುದೇ ಇಲ್ಲ.

ಮಿರ್-210 ನೋಡುವ ಮುನ್ನ, ಕೆಂಪು ಕಣ ಒಡೆದಿದೆಯೇ ಎಂದು ತಿಳಿಯಲು, ಮಿರ್-23ಎಯ ಸಿಕ್ಯುನಿಂದ ಮಿರ್-451ಎಯ ಸಿಕ್ಯು ಕಳೆಯಿರಿ. ಮಿರ್-451ಎ ಕೆಂಪು ಕಣದಲ್ಲಿ ತುಂಬಿರುತ್ತದೆ, ಮಿರ್-23ಎ ಅಷ್ಟಾಗಿ ಅಲುಗುವುದಿಲ್ಲ. ವ್ಯತ್ಯಾಸ 5ರೊಳಗಿದ್ದರೆ ನಿಶ್ಚಿಂತೆ, 5–7 ಅನುಮಾನ, 7 ದಾಟಿದರೆ ಆ ಮಾದರಿ ಬಿಡಿ. ಪ್ಲಾಸ್ಮಾ ಕಣ್ಣಿಗೆ ಹಳದಿಯಾಗಿಯೇ ಕಂಡರೂ ಸರಿ. ಇದೇ ಕಾರಣಕ್ಕೆ ಮಿರ್-16 ಅನ್ನು ಹೋಲಿಕೆಯ ಆಧಾರವಾಗಿ ಇಟ್ಟುಕೊಳ್ಳಬೇಡಿ, ಅದೂ ಕೆಂಪು ಕಣದಲ್ಲಿ ಧಾರಾಳ.

ಮಿರ್-210 ಏರಿದ್ದು ಕಂಡಿತು ಅಂದಮಾತ್ರಕ್ಕೆ ರೋಗದ ಹೆಸರು ಬರೆಯಬೇಡಿ. ರಕ್ತಹೀನತೆ, ಧೂಮಪಾನ, ಬಂದ ದಾರಿಯ ಬಿಸಿಲು, ಇವನ್ನೆಲ್ಲ ರಕ್ತ ತೆಗೆಯುವಾಗಲೇ ಚೀಟಿಯಲ್ಲಿ ಬರೆದುಕೊಂಡಿರಬೇಕು. ಹೋಲಿಕೆಗೆ ಬಂದವರ ರಕ್ತವನ್ನೂ ಅದೇ ತಿಂಗಳು, ಬೆಳಗಿನ ಅದೇ ಹೊತ್ತಿಗೆ ತೆಗೆಯಿರಿ. ರೋಗಿಗಳದ್ದು ಮೇನಲ್ಲಿ, ಆರೋಗ್ಯವಂತರದ್ದು ಡಿಸೆಂಬರಿನಲ್ಲಿ ತೆಗೆದರೆ ಅಂಕಿಯಲ್ಲಿ ಕಾಣುವುದು ರೋಗವೋ ಋತುವೋ ಯಾರೂ ಹೇಳಲಾರರು.