ಲೈಬ್ರರಿಯಲ್ಲೇ ನೋಟರಿ ಮಾಡಿಸಿದೆವು: ನನ್ನ ಅನುಭವ

ತಿಂಗಳಿಗೆ ಎರಡು ಬುಧವಾರ, ಕೋರ್ಟು ಕೆಲಸ ಮುಗಿಸಿ ನೋಟರಿ ವಕೀಲರು, ಅಂದರೆ ಪ್ರತಿ ಅಸಲಿನಂತೆಯೇ ಇದೆ, ಸಹಿ ಎದುರಿಗೇ ಹಾಕಿದ್ದು ಅಂತ ಸೀಲು ಒತ್ತಿ ದೃಢೀಕರಿಸುವ ಅಧಿಕಾರ ಇರುವವರು, ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಲೈಬ್ರರಿಗೆ ಬರುತ್ತಾರೆ. ಪತ್ರಿಕೆ ಓದುವ ಹಾಲ್‌ನ ಮೂಲೆಯ ಮೇಜಿನಲ್ಲಿ ಕೂರುತ್ತಾರೆ. ಒಂದೂವರೆ ಗಂಟೆಯಲ್ಲಿ ಇಪ್ಪತ್ತೈದು, ಮೂವತ್ತು ಮಕ್ಕಳ ಕೆಲಸ ಆಗುತ್ತದೆ. "ಇದೆಲ್ಲ ಆಗಿಹೋಗುವ ಮಾತಲ್ಲ ಮಾರಾಯ್ರೆ" ಅಂದವರೇ ಈಗ ತಮ್ಮ ಮಕ್ಕಳ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಬರುತ್ತಿದ್ದಾರೆ. ಕಾಸರಗೋಡಿನ ಬೇರೆ ಕಾಲೇಜುಗಳ ಲೈಬ್ರರಿಯವರು ಹೇಗೆ ಮಾಡಿದ್ದು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಓದುತ್ತಿರುವ ಅಕ್ಕನ ಮಗಳು ಒಮ್ಮೆ ಫೋನಿನಲ್ಲಿ ಹೇಳಿದಳು, "ಮಾವ, ಇಲ್ಲಿ ಲೈಬ್ರರಿಯ ಕೌಂಟರಿನಲ್ಲೇ ನೋಟರಿ ಮಾಡಿಕೊಡ್ತಾರೆ." ಅಲ್ಲಿ ಲೈಬ್ರರಿ ಸಿಬ್ಬಂದಿಯೇ ನೋಟರಿ ಆಗಬಹುದು. ಗುರುತಿನ ಚೀಟಿ ನೋಡಿ, ಎದುರಿಗೇ ಸಹಿ ಹಾಕಿಸಿಕೊಂಡು ಸೀಲು ಒತ್ತುತ್ತಾರೆ. ನಮ್ಮಲ್ಲಿ ಹಾಗಾಗುವುದಿಲ್ಲ. ನೋಟರಿ ಆಗಲು ಹತ್ತು ವರ್ಷ ವಕೀಲಿ ಮಾಡಿರಬೇಕು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಏಳು ವರ್ಷ. ಲೈಬ್ರರಿಯವನು ನೋಟರಿ ಆಗಲಾರ, ಸರಿ. ಆದರೆ ನೋಟರಿ ಲೈಬ್ರರಿಗೆ ಬರಬಹುದಲ್ವಾ?

ಇದಕ್ಕೆ ಮೇಲಿನವರೊಬ್ಬರು ಅಡ್ಡ ಬಂದರು. ನೋಟರಿ ತನ್ನ ಆಫೀಸು ಬಿಟ್ಟು ಹೊರಗೆ ಸೀಲು ಹಾಕುವ ಹಾಗಿಲ್ಲ ಅಂತ ಅವರ ವಾದ. ನಾನು 1956ರ ನೋಟರಿ ನಿಯಮಗಳನ್ನು ತೆಗೆದು ಅವರ ಮುಂದಿಟ್ಟೆ. ಶುಲ್ಕದ ಜೊತೆಗೆ ನೋಟರಿ ಪ್ರಯಾಣ ಭತ್ಯೆಯನ್ನೂ ಪಡೆಯಬಹುದು ಅಂತ ಅದರಲ್ಲೇ ಇದೆ. ಹೊರಗೆ ಹೋಗುವ ಹಾಗೇ ಇಲ್ಲದಿದ್ದರೆ ಭತ್ಯೆ ಯಾತಕ್ಕೆ? ನೋಟರಿಯ ಪ್ರಮಾಣಪತ್ರದಲ್ಲಿ ಬರೆದ ವ್ಯಾಪ್ತಿಯೊಳಗೆ ನಮ್ಮ ಕ್ಯಾಂಪಸ್ ಬರಬೇಕು, ಅಷ್ಟೇ. ಅದೊಂದನ್ನು ಮೊದಲೇ ನೋಡಿಕೊಳ್ಳಿ.

ದುಡ್ಡಿನ ಲೆಕ್ಕವೇ ನನ್ನನ್ನು ಇದಕ್ಕೆ ಇಳಿಸಿದ್ದು. ಪೆರ್ಲದಿಂದಲೋ ಮುಳ್ಳೇರಿಯದಿಂದಲೋ ಬರುವ ಹುಡುಗಿ ಕ್ಲಾಸು ಬಿಟ್ಟು ವಿದ್ಯಾನಗರದ ಕೋರ್ಟಿನ ಹತ್ತಿರ ಹೋಗಬೇಕು. ಬಸ್ಸು, ಊಟ, ಜೆರಾಕ್ಸ್ ಸೇರಿ 150 ರೂಪಾಯಿ ಸುಲಭವಾಗಿ ಹೋಗುತ್ತದೆ. ಒಂದು ಪ್ರತಿಗೆ 50 ಕೇಳುವವರೂ ಇದ್ದಾರೆ, 100 ಕೇಳುವವರೂ ಇದ್ದಾರೆ. ಐದು ಸರ್ಟಿಫಿಕೇಟು, ಎರಡೆರಡು ಪ್ರತಿ ಅಂದರೆ ಬೀಡಿ ಕಟ್ಟುವ ತಾಯಿಯ ವಾರದ ಸಂಪಾದನೆಯಲ್ಲಿ ದೊಡ್ಡ ಪಾಲೇ ಹೋಯಿತು. ನಮ್ಮ ವಕೀಲರು ಒಟ್ಟಿಗೆ ಇಷ್ಟು ಕಾಗದ ಸಿಗುತ್ತದೆ ಅಂತ ಪ್ರತಿಗೆ 30ಕ್ಕೆ ಒಪ್ಪಿದರು. ಹೇಗೆ ಒಪ್ಪಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಮೊದಲ ಸಲ ಎಲ್ಲ ನೀರಲ್ಲಿ ಹೋಮ. ಮಕ್ಕಳು ಪ್ರಮಾಣ ಮಾಡಿ ಬರೆದುಕೊಡುವ ಅಫಿಡವಿಟ್‌ಗೆ ಮನೆಯಲ್ಲೇ ಸಹಿ ಹಾಕಿ ತಂದಿದ್ದರು. ಎದುರಿಗೆ ಹಾಕದ ಸಹಿಗೆ ವಕೀಲರು ಸೀಲು ಒತ್ತಲಿಲ್ಲ. ಒತ್ತಬಾರದು ಕೂಡ. ಸ್ಟಾಂಪ್ ಪೇಪರಿನ ದುಡ್ಡು ದಂಡ. ಇನ್ನೊಂದು ಸಲ ಕಾಗದಕ್ಕೆ ಅಂಟಿಸುವ ನೋಟರಿ ಸ್ಟಾಂಪೇ ಸಿಗಲಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಜೆರಾಕ್ಸ್ ಮೆಷಿನ್ ನಿಂತು, ಮಕ್ಕಳು ಸಂಜೆ ಬಸ್ಸು ತಪ್ಪಿಸಿಕೊಂಡು ಬೈದುಕೊಂಡು ಹೋದರು. "ಕಂಡ್ರಾ, ನಾವು ಆವತ್ತೇ ಹೇಳಿದ್ದೆವು" ಅಂದರು ಕೆಲವರು. ಆ ಮೊದಲ ಎರಡು ತಿಂಗಳಲ್ಲಿ ನನ್ನ ಕೈಯಿಂದಲೇ ಸುಮಾರು 2,000 ಹೋಯಿತು.

ದಾರಿಗೆ ಬಂದದ್ದು ಹಿಂದಿನ ದಿನದ ಪರಿಶೀಲನೆ ಶುರು ಮಾಡಿದ ಮೇಲೆ. ಮಂಗಳವಾರ ಮಧ್ಯಾಹ್ನವೇ ಮಕ್ಕಳು ಅಸಲು ಮತ್ತು ಪ್ರತಿ ತಂದು ತೋರಿಸಬೇಕು. ಪುಸ್ತಕಕ್ಕೆ ಅಂಟಿಸುವ ದಿನಾಂಕದ ಚೀಟಿಯನ್ನೇ ಟೋಕನ್ ಮಾಡಿದೆ. ಅದರಲ್ಲಿ ಸಮಯ ಬರೆದು ಲೈಬ್ರರಿ ಸೀಲು ಹಾಕಿಕೊಡುತ್ತೇನೆ. ಪ್ರತಿಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ಕ್ಲಿಪ್ ಹಾಕುತ್ತೇನೆ. ಆ ಕ್ರಮದಿಂದಲೇ ವಕೀಲರ ಅರ್ಧ ಸಮಯ ಉಳಿಯುತ್ತದೆ. ಬಂದು ನೋಡಿದರೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಈ ಪರಿಶೀಲನೆಯಲ್ಲಿ ಇನ್ನೊಂದು ಲಾಭವಾಯಿತು. ಬಂದವರಲ್ಲಿ ಮೂರರಲ್ಲಿ ಒಬ್ಬರಿಗೆ ನೋಟರಿಯೇ ಬೇಕಿರಲಿಲ್ಲ! ಎಷ್ಟೋ ಸರಕಾರಿ ಅರ್ಜಿಗಳಿಗೆ ನಮ್ಮ ಸ್ವಂತ ಸಹಿ ಹಾಕಿದ ಪ್ರತಿ ಸಾಕು. ಕೇಂದ್ರ ಸರಕಾರ ಹಾಗೆ ಸೂಚನೆ ಕೊಟ್ಟು ಹತ್ತು ವರ್ಷ ದಾಟಿತು. ಅರ್ಜಿಯ ಸೂಚನೆಗಳನ್ನು ಪೂರ್ತಿ ಓದದೆ ಸುಮ್ನೆ ಸೀಲಿಗೆ ದುಡ್ಡು ಹಾಕುತ್ತಿದ್ದರು. ಈಗ ಅರ್ಜಿಯನ್ನು ಓದಿದ ಮೇಲೆಯೇ ಚೀಟಿ ಕೊಡುವುದು. ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಕೆಲಸ ಇದು.

ಗಡಿನಾಡಿನ ಮಕ್ಕಳ ಪಾಡು ಬೇರೆ. ಎಸ್‌ಎಸ್‌ಎಲ್‌ಸಿ ಕೇರಳದ್ದು, ಡಿಗ್ರಿ ಮಂಗಳೂರು ವಿಶ್ವವಿದ್ಯಾಲಯದ್ದು. ಹೊರದೇಶಕ್ಕೆ ಹೋಗುವವರು ನೋಟರಿ ಸೀಲು ಬಿದ್ದರೆ ಎಲ್ಲ ಮುಗಿಯಿತು ಅಂದುಕೊಂಡಿರುತ್ತಾರೆ. ಆದರೆ ಸರಕಾರದ ದೃಢೀಕರಣವೂ ಬೇಕು. ಕೇರಳದ ಸರ್ಟಿಫಿಕೇಟು ನೋರ್ಕಾ ರೂಟ್ಸ್ (ಹೊರಗಿರುವ ಕೇರಳದವರಿಗಾಗಿ ಕೇರಳ ಸರಕಾರದ ಸಂಸ್ಥೆ) ಮೂಲಕ ಹೋಗಬೇಕು, ಮಂಗಳೂರಿನದು ಕರ್ನಾಟಕದ ಕಡೆಯಿಂದ. ಎರಡು ರಾಜ್ಯ, ಎರಡು ಓಡಾಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆಯ ದಾಖಲೆ ಕನ್ನಡದಲ್ಲಿದ್ದರೆ ಅನುವಾದ ಬೇಕಾಗುತ್ತದೆ. 1952ರ ನೋಟರಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಅನುವಾದ ಮಾಡುವುದು, ಸರಿ ಇದೆ ಅಂತ ದೃಢೀಕರಿಸುವುದು ಎರಡೂ ನೋಟರಿ ಕೆಲಸವೇ. ಕನ್ನಡ ಚೆನ್ನಾಗಿ ಓದಬಲ್ಲ ವಕೀಲರನ್ನೇ ಹುಡುಕಿದ್ದು ಅದಕ್ಕೆ. ಮಲಯಾಳಂ ಮಾತ್ರ ಬಲ್ಲವರ ಹತ್ತಿರ ಈ ಕಾಗದಗಳು ವಾರಗಟ್ಟಲೆ ಕೂರುತ್ತಿದ್ದವು.

ಹೆಸರಿನ ತಾಪತ್ರಯ ಕೇಳಲೇಬೇಡಿ. ಒಂದು ಕಡೆ ಮನೆ ಹೆಸರಿನ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಹೆಸರು, ಆಧಾರ್‌ನಲ್ಲಿ ಮತ್ತೊಂದು. "ಇಬ್ಬರೂ ಒಬ್ಬಳೇ" ಅನ್ನುವ ಅಫಿಡವಿಟ್‌ಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಮಾದರಿ ಮಾಡಿಟ್ಟಿದ್ದೇನೆ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಒಂದೇ ಹಾಳೆಯಲ್ಲಿ ಹಾಕಿ ನೋಡಿದೆ. ಅಕ್ಷರ ಸಣ್ಣದಾಗಿ ವಕೀಲರಿಗೆ ಓದಲಾಗಲಿಲ್ಲ. ಬೇರೆ ಬೇರೆ ಹಾಳೆಯೇ ಸರಿ.

ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಫೋನಿನಲ್ಲಿ ಸ್ಕ್ಯಾನ್ ಮಾಡಿ ತೆಗೆದ ಪ್ರತಿ ಅಂಚಿನಲ್ಲಿ ವಾರೆಯಾಗುತ್ತದೆ, ವಕೀಲರು ಒಪ್ಪುವುದಿಲ್ಲ. ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟನ್ನು ಮೆಷಿನ್‌ನಲ್ಲಿ ಇಟ್ಟರೆ ಬೆಳಕು ಹೊಡೆದು ಮಧ್ಯೆ ಬಿಳಿ ಪಟ್ಟೆ ಬರುತ್ತದೆ. ಹಾಳೆಯನ್ನು ಸ್ವಲ್ಪ ಓರೆ ಇಟ್ಟು ನೋಡಬೇಕು.

ಮೇಜಿನ ಹತ್ತಿರ ಏನು ನಡೆಯುತ್ತದೆ ಅಂದರೆ: ವಕೀಲರು ಮೊದಲು ಅಸಲನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಪ್ರತಿಯ ಮೇಲೆ ಎಡಗೈ ತೋರುಬೆರಳಿಟ್ಟು ರಿಜಿಸ್ಟರ್ ನಂಬರ್, ಹೆಸರು, ವರ್ಷ ಒಂದೊಂದಾಗಿ ಸರಿ ನೋಡುತ್ತಾರೆ. ತಮ್ಮ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಬರೆದು, ಆ ಸಂಖ್ಯೆಯನ್ನು ಪ್ರತಿಗೂ ಹಾಕಿ, ಸಹಿ ಮಾಡಿ, ದುಂಡು ಸೀಲು ಒತ್ತುತ್ತಾರೆ. ಸೀಲು ಒಣಗುವ ಮೊದಲು ಮಡಚಬಾರದು ಅಂತ ಪಕ್ಕದಲ್ಲಿ ಖಾಲಿ ಟ್ರೇ ಇಟ್ಟಿದ್ದೇನೆ. ದುಡ್ಡಿಗೆ ರಶೀದಿ ಕೇಳಿ ತೆಗೆದುಕೊಳ್ಳಿ ಅಂತ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಈಗ ಕುಂಬಳೆ, ಬದಿಯಡ್ಕ ಕಡೆಯಿಂದ ಹಳೆ ವಿದ್ಯಾರ್ಥಿಗಳೂ ಬರುತ್ತಾರೆ. ಅವರನ್ನೂ ಸೇರಿಸುತ್ತೇನೆ. ಆದರೆ ಜಾಗದ ಕರಾರು, ಬಾಡಿಗೆ ಚೀಟಿ ತಂದವರನ್ನು ವಿದ್ಯಾನಗರಕ್ಕೇ ಕಳಿಸುತ್ತೇನೆ. ಈ ಮೇಜು ಓದಿನ ಕಾಗದಕ್ಕೆ ಮಾತ್ರ.