ಪೈನ್ ನೆಡುತೋಪು: ಕೆಲವೇ ಮರಗಳನ್ನು ಅಳೆದು ಉಳಿದವುಗಳ ಎತ್ತರ ಕಂಡುಕೊಳ್ಳುವ ಬಗೆ

ಪೈನ್ ಮರದ ದಪ್ಪ ಅಳೆಯಲು ಅರ್ಧ ನಿಮಿಷ ಸಾಕು. ಎತ್ತರ ಹಾಗಲ್ಲ: ತುದಿ ಕಾಣುವ ಜಾಗ ಹುಡುಕಬೇಕು, ದೂರ ಅಳೆಯಬೇಕು, ಗಾಳಿ ನಿಲ್ಲುವವರೆಗೆ ಕಾಯಬೇಕು. ಅದಕ್ಕೇ ನಾನು ಎಲ್ಲ ಮರಗಳ ವ್ಯಾಸವನ್ನೂ ಇಪ್ಪತ್ತು, ಮೂವತ್ತು ಮರಗಳ ಎತ್ತರವನ್ನೂ ಅಳೆದು, ಉಳಿದದ್ದನ್ನು ಲೆಕ್ಕದಿಂದ ಪಡೆಯುತ್ತೇನೆ.

ಆ ಮರಗಳ ಆಯ್ಕೆಯಲ್ಲೇ ಕೆಲಸದ ಮುಕ್ಕಾಲು ಪಾಲು ಇದೆ. ನನ್ನ ಮೊದಲ ತೋಪಿನಲ್ಲಿ ನೇರವಾಗಿ, ಕಣ್ತುಂಬುವಂತೆ ನಿಂತವುಗಳನ್ನೇ ಅಳೆದಿದ್ದೆ. ಆಮೇಲೆ ಸಣಕಲು ಮರಗಳನ್ನು ಅಳೆದು ನೋಡಿದರೆ ಲೆಕ್ಕ ಎರಡು ಮೀಟರ್ ಹೆಚ್ಚು ಹೇಳುತ್ತಿತ್ತು. ಈಗ ವ್ಯಾಸವನ್ನು ಐದೈದು ಸೆಂಟಿಮೀಟರಿನ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿನಿಂದ ನಾಲ್ಕೈದು ಮರ ಆರಿಸುತ್ತೇನೆ. ತುದಿ ಮುರಿದವನ್ನೂ ತೀರಾ ವಾಲಿದವನ್ನೂ ಬಿಡುತ್ತೇನೆ. ನೆರಳಿನಲ್ಲಿ ಸೊರಗಿದವನ್ನು ಬಿಡುವುದಿಲ್ಲ.

ವ್ಯಾಸವನ್ನು ನೆಲದಿಂದ 1.3 ಮೀಟರ್ ಮೇಲೆ ಅಳೆಯಿರಿ; ಇಳಿಜಾರಿದ್ದರೆ ಮೇಲ್ಬದಿಯ ನೆಲದಿಂದ. ಎತ್ತರ ನೋಡುವಾಗ ಮರದ ಎತ್ತರದಷ್ಟಾದರೂ ದೂರ ನಿಲ್ಲಿ. ಹತ್ತಿರ ನಿಂತರೆ ಈಚೆಗೆ ಚಾಚಿದ ಕೊಂಬೆಯೇ ತುದಿಯಂತೆ ಕಾಣುತ್ತದೆ.

ಸೂತ್ರಗಳು ಹಲವು. ನಾನು ಮೊದಲು ಕೈಗೆತ್ತಿಕೊಳ್ಳುವುದು 1936ರ ನ್ಯಾಸ್ಲುಂಡ್ ಸೂತ್ರವನ್ನು. ಕಾಗದ, ಪೆನ್ಸಿಲ್ ಇದ್ದರೂ ಸಾಕು:

ವ್ಯಾಸ ÷ √(ಎತ್ತರ − 1.3) = ಅ + ಬ × ವ್ಯಾಸ

ಅಳೆದ ಪ್ರತಿ ಮರಕ್ಕೂ ಎಡಬದಿಯ ಬೆಲೆ ತೆಗೆದು, ವ್ಯಾಸದೆದುರು ಗ್ರಾಫಿನಲ್ಲಿ ಗುರುತಿಸಿ. ಚುಕ್ಕೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಕೂರುತ್ತವೆ. ಆ ಗೆರೆಯಿಂದ ಅ, ಬ ಸಿಗುತ್ತವೆ: ವ್ಯಾಸ ಸೊನ್ನೆ ಇರುವಲ್ಲಿ ಗೆರೆಯ ಬೆಲೆ ಅ, ವ್ಯಾಸ ಒಂದು ಸೆಂ.ಮೀ. ಹೆಚ್ಚಿದಾಗ ಗೆರೆ ಏರುವಷ್ಟು ಬ. ಅ 1.6, ಬ 0.17 ಬಂತು ಎನ್ನೋಣ. 20 ಸೆಂ.ಮೀ. ಮರಕ್ಕೆ 1.6 + 3.4 = 5; 20 ÷ 5 = 4; ಅದರ ವರ್ಗ 16; 1.3 ಕೂಡಿಸಿದರೆ 17.3 ಮೀಟರ್. 30 ಸೆಂ.ಮೀ. ಮರಕ್ಕೆ ಸುಮಾರು 21.4 ಮೀಟರ್. ದಪ್ಪ ಒಂದೂವರೆ ಪಟ್ಟಾದರೂ ಎತ್ತರ ಏರಿದ್ದು ನಾಲ್ಕೇ ಮೀಟರ್. ಮರದ ಈ ಸ್ವಭಾವವನ್ನು ಇಷ್ಟು ಸರಳವಾಗಿ ಹಿಡಿದಿಡುತ್ತದೆ ಎಂಬುದಕ್ಕೇ ನನಗೆ ಈ ಸೂತ್ರ ಇಷ್ಟ.

ಬಳಿಕ ಅಳತೆಗೂ ಲೆಕ್ಕಕ್ಕೂ ಇರುವ ವ್ಯತ್ಯಾಸವನ್ನು ಮೀಟರಿನಲ್ಲಿ ನೋಡಿ. ಲೆಕ್ಕದ ಎತ್ತರ ಸಣ್ಣ ಮರಗಳಿಗೆಲ್ಲ ಹೆಚ್ಚು, ದೊಡ್ಡವಕ್ಕೆಲ್ಲ ಕಡಿಮೆ ಎಂಬಂತಿದ್ದರೆ ಚಾಪ್‌ಮನ್–ರಿಚರ್ಡ್ಸ್ ಸೂತ್ರ ಪ್ರಯತ್ನಿಸಿ. ಅದಕ್ಕೆ ಕಂಪ್ಯೂಟರ್ ಬೇಕು.

ಒಂದು ವಿಷಯದಲ್ಲಿ ನಾನು ಹಟಮಾರಿ: ಈ ಗೆರೆ ಆ ತೋಪಿಗೆ, ಆ ವಯಸ್ಸಿಗೆ ಮಾತ್ರ. ತೋಪು ಬೆಳೆದಂತೆ ಗೆರೆಯೂ ಮೇಲಕ್ಕೆ ಸರಿಯುತ್ತದೆ. ಹಳೆಯದನ್ನೇ ಹೊಸ ವ್ಯಾಸಗಳಿಗೆ ಹಚ್ಚಿದರೆ ಎತ್ತರವೂ ನಾಟಾದ ಅಂದಾಜೂ ಕಡಿಮೆ ಬರುತ್ತವೆ. ಹಲವು ತೋಪುಗಳಿಗೆ ಒಂದೇ ಸೂತ್ರ ಬೇಕಿದ್ದರೆ ಹೆಕ್ಟೇರಿಗೆ 100 ಅತಿ ದಪ್ಪ ಮರಗಳ ಸರಾಸರಿ ಎತ್ತರವನ್ನೂ ಅದರೊಳಗೆ ಸೇರಿಸಿ. 400 ಚದರ ಮೀಟರಿನ ತಾಕಾದರೆ ಅದು ನಾಲ್ಕೇ ಮರ.