ಯುದ್ಧಭೂಮಿಯಿಂದ ಬಂದ ಕಾಗದಗಳನ್ನು ಉಳಿಸಿಕೊಳ್ಳುವ ಬಗೆ: ನನ್ನ ಅನುಭವ

ಎರಡನೇ ಮಹಾಯುದ್ಧದ ಕಾಲದ ಕಾಗದದ ಕಟ್ಟು ಕೈಗೆ ಬಂದರೆ ಮೊದಲು ಬರಹದ ಬಣ್ಣ ನೋಡುತ್ತೇನೆ, ಓದುವುದು ಆಮೇಲೆ. ಬೂದು ಅಕ್ಷರಗಳ ನಡುವೆ ಅಲ್ಲಲ್ಲಿ ನೇರಳೆ ಚುಕ್ಕೆ ಕಂಡರೆ ಅದು ಕಾಪಿಂಗ್ ಪೆನ್ಸಿಲ್. ಗ್ರಾಫೈಟ್ ಜೊತೆ ನೀರಿನಲ್ಲಿ ಕರಗುವ ಅನಿಲೀನ್ ಎಂಬ ಕೃತಕ ಬಣ್ಣ ಬೆರೆಸಿದ್ದು. ಮಸಿಕುಡಿಕೆ ಬೇಡ, ರಬ್ಬರಿನಿಂದ ಸುಲಭಕ್ಕೆ ಅಳಿಯದು. ಸಿಪಾಯಿಗಳಿಗೆ ಅನುಕೂಲವಾದದ್ದು ಅದಕ್ಕೇ. ಆದರೆ ನೀರು ತಾಕಿತೋ, ಸಾಲು ಹರಡಿ ನೇರಳೆಯಾಗುತ್ತದೆ. ಹಬೆ, ಒದ್ದೆ ಬಟ್ಟೆ, ಗೋಧಿ ಅಂಟು ಯಾವುದನ್ನೂ ಅದರ ಹತ್ತಿರ ತರಬಾರದು.

ಸೈನಿಕರ ಮನೆಗಳು ಹೆಚ್ಚಿರುವ ಕೊಡಗಿನಂಥ ಕಡೆ ಕಟ್ಟು ಬಿಚ್ಚಲು ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಹತ್ತಿಯ ಗ್ಲೌಸ್ ಹಾಕಿದರೆ ಅಂಚು ಸಿಕ್ಕಿ ಹರಿಯುತ್ತದೆ. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯದೆ, ಅದರ ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ, ಅದರ ಮೇಲೆಯೇ ಜಾರಿಸಿ ತೆಗೆಯುತ್ತೇನೆ. ಮಡಿಕೆ ಬಿಚ್ಚಿದ ಹಾಳೆಯನ್ನು ಎರಡು ಒಣ ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೂರು ದಿನ ಹಗುರ ಭಾರ ಹೇರಿದರೆ ಸಾಕು.

ಹಳೆಯ ಸೆಲ್ಲೋಟೇಪ್ ಕೀಳಬೇಡಿ, ಅಕ್ಷರವೂ ಜೊತೆಗೇ ಬರುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ: ಬಿಸಿಗೆ ಕರಗಿದ ಅಂಟು ಕಾಗದದ ನಾರಿಗೆ ಇಳಿದರೆ ಮತ್ತೆ ಬಿಡಿಸಲಾಗದು. ಮಸಿಯ ಬರಹಕ್ಕೆ ಪಾರದರ್ಶಕ ಪಾಲಿಯೆಸ್ಟರ್ ಕವರ್ ಆದೀತು. ಪೆನ್ಸಿಲ್ ಬರಹಕ್ಕೆ ಆಮ್ಲರಹಿತ ಕಾಗದದ ಮಡಿಕೆಯೇ ಸರಿ, ಪಾಲಿಯೆಸ್ಟರಿನ ಸ್ಥಿರವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ.

ಲಕೋಟೆಯನ್ನು ಬಿಸಾಡುವುದು ನಾನು ಕಂಡ ದೊಡ್ಡ ನಷ್ಟ. ಸೆನ್ಸಾರ್ ಇದ್ದುದರಿಂದ ಕಾಗದದಲ್ಲಿ ಊರಿನ ಹೆಸರು ಇರುವುದಿಲ್ಲ. ಬರೆದವರು ಎಲ್ಲಿದ್ದರೆಂಬ ಸುಳಿವು ಇರುವುದು ಲಕೋಟೆಯ ಮೇಲಿನ ಫೀಲ್ಡ್ ಪೋಸ್ಟ್ ಆಫೀಸ್ (ಸೈನ್ಯದ ಅಂಚೆ ಕಚೇರಿ) ಸಂಖ್ಯೆ, ತಾರೀಖಿನ ಮುದ್ರೆಗಳಲ್ಲಿ. ಅಂಗೈಯಗಲದ, ಹೊಳಪು ಕಾಗದದ ಏರ್‌ಗ್ರಾಫ್ ಸಿಕ್ಕಿದರೆ ಬೇರೆ ಇಡಿ. ಬರೆದದ್ದನ್ನು ಮೈಕ್ರೋಫಿಲ್ಮ್‌ನಲ್ಲಿ ಕಳಿಸಿ, ತಲುಪಿದ ಕಡೆ ಮುದ್ರಿಸಿದ ಫೋಟೊ ಅದು. ಒದ್ದೆಯಾದರೆ ಪಕ್ಕದ ಹಾಳೆಗೆ ಅಂಟಿಕೊಳ್ಳುತ್ತದೆ.

ಸ್ಕ್ಯಾನಿಂಗ್ ಫ್ಲಾಟ್‌ಬೆಡ್‌ನಲ್ಲೇ, ಅಂದರೆ ಹಾಳೆಯನ್ನು ಗಾಜಿನ ಮೇಲೆ ಚಪ್ಪಟೆಯಾಗಿ ಇಡುವ ಸ್ಕ್ಯಾನರಿನಲ್ಲಿ: 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ), ಬಣ್ಣದಲ್ಲಿ, ಚಿತ್ರದ ವಿವರ ಕಳೆಯದ ಟಿಫ್ ಫೈಲ್. ಖಾಲಿ ಹಿಂಬದಿಯನ್ನೂ ಬಿಡುವುದಿಲ್ಲ. ಫೈಲಿಗೆ 1943-08-14_ಪುಟ1 ಎಂಬಂತೆ ಹೆಸರಿಟ್ಟರೆ ತಾನಾಗಿಯೇ ತಾರೀಖಿನ ಕ್ರಮದಲ್ಲಿ ನಿಲ್ಲುತ್ತದೆ. ಮೂರು ಪ್ರತಿ, ಒಂದು ಬೇರೆ ಊರಿನಲ್ಲಿ.

ಪೆಟ್ಟಿಗೆಯನ್ನು ಅಟ್ಟದಲ್ಲೂ ಹೊರಗೋಡೆಗೆ ತಾಗಿಸಿಯೂ ಇಡಬೇಡಿ. ಒಳಗೊಂದು ತೇವಮಾಪಕ ಇರಲಿ: 45ರಿಂದ 55 ಶೇಕಡಾ ಸರಿ, 65 ದಾಟಿದರೆ ಬೂಸ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ಇಟ್ಟು ವಾರಕ್ಕೊಮ್ಮೆ ನೋಡಿ. ನೀಲಿ ಹರಳು ಗುಲಾಬಿಗೆ ತಿರುಗಿದ್ದರೆ ಬದಲಿಸಿ.